ಪದವಿನಿಂದ ಆರಂಭಿಸಿ: ಉಡುಪಿ, ಮಂಗಳೂರಿನ ಸುತ್ತಲಿನ ಕಾಡುಜಾಗಗಳಿಗೆ ಹೋಗುವ ಕ್ರಮ

ರಜೆಯ ದಿನ ಎಲ್ಲಿಗಾದರೂ ಹೋಗಬೇಕೆನಿಸಿದಾಗ ಉಡುಪಿ, ಮಂಗಳೂರಿನವರ ನಾಲಿಗೆಗೆ ಮೊದಲು ಬರುವ ಹೆಸರುಗಳು ಆಗುಂಬೆ, ಕುದುರೆಮುಖ ಮತ್ತು ಸೇಂಟ್ ಮೇರೀಸ್ ದ್ವೀಪ. ಮೂರೂ ನೋಡತಕ್ಕ ಜಾಗಗಳೇ. ಆದರೆ ಎಲ್ಲಿ ಕಾಲಿಡಬೇಕು, ಏನನ್ನು ಮುಟ್ಟದೆ ಬಿಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಕಲಿಯದೆ ನೇರವಾಗಿ ಅಲ್ಲಿಗೆ ಹೋದವರು ತಾವೂ ಹೆಚ್ಚೇನನ್ನು ನೋಡುವುದಿಲ್ಲ, ಜಾಗವನ್ನೂ ಕೆಡಿಸಿ ಬರುತ್ತಾರೆ. ಹಲವು ವರ್ಷಗಳಿಂದ ಭಾನುವಾರಗಳಂದು ಪರಿಚಿತರನ್ನೂ ಅವರ ಮಕ್ಕಳನ್ನೂ ಕರೆದುಕೊಂಡು ತಿರುಗಿದ ನನಗೆ ಇದು ಮತ್ತೆ ಮತ್ತೆ ಕಂಡಿದೆ. ಆದ್ದರಿಂದ ಇಲ್ಲಿ ರೂಢಿಯ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಮನೆಯ ಹಿಂದಿನ ಪದವು, ಅನಂತರ ಕಡಲತೀರ, ಕೊನೆಗೆ ಘಟ್ಟ.

ಪದವಿನಲ್ಲಿ

ಪದವೆಂದರೆ ಮುರಕಲ್ಲಿನ ಎತ್ತರದ ಬಯಲು. ಮಂಗಳೂರಿನ ಪದವಿನಂಗಡಿಯ ಹೆಸರಿನಲ್ಲಿ ಆ ಶಬ್ದ ಉಳಿದಿದೆ. ಬಜ್ಪೆಯ ವಿಮಾನ ನಿಲ್ದಾಣವಿರುವುದೂ, ಮಣಿಪಾಲ ಬೆಳೆದಿರುವುದೂ ಇಂಥ ಮುರಕಲ್ಲಿನ ಗುಡ್ಡಗಳ ಮೇಲೆಯೇ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರು 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್. ನೆಲದೊಳಗಿರುವಾಗ ಸುಲಭವಾಗಿ ಕಡಿಯಲು ಬಂದು, ಹೊರಗೆ ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವರು ಆ ಹೆಸರನ್ನು ಮಾಡಿದರು. ನಮ್ಮ ಊರಿನ ಹಳೆಯ ಮನೆಗಳ ಗೋಡೆ, ಕಂಪೌಂಡು, ಬಾವಿಕಟ್ಟೆಗಳೆಲ್ಲ ಆ ಕಲ್ಲಿನವೇ ಆಗಿರುವುದರಿಂದ ಅದು ನಮಗೆ ಕಟ್ಟಡದ ಸಾಮಾನಿನಂತೆ ಕಾಣುತ್ತದೆಯೇ ಹೊರತು ಜೀವ ಹಿಡಿದಿಟ್ಟ ನೆಲದಂತೆ ಕಾಣುವುದಿಲ್ಲ. ನಾನು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಾಗಲೆಲ್ಲ ನೆರೆಮನೆಯ ಹಿರಿಯರೊಬ್ಬರು "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ, ಬರೀ ಪಾದೆ (ಬಂಡೆ)" ಎಂದು ನಗುತ್ತಾರೆ. ಕಡತಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ: ಪೊರಂಬೋಕು, ಪಾಳು, ಬಂಜರು.

ಎಪ್ರಿಲ್ ತಿಂಗಳಲ್ಲಿ ಹೋದರೆ ಹಿರಿಯರ ಮಾತೇ ಸರಿಯೆನಿಸುತ್ತದೆ, ಏಕೆಂದರೆ ಆಗ ಅಲ್ಲಿ ಕಾದ ಕಲ್ಲು ಮತ್ತು ಒಣಹುಲ್ಲು ಮಾತ್ರ ಕಾಣುತ್ತದೆ. ಹೋಗಬೇಕಾದದ್ದು ಮಳೆ ಹಿಡಿದ ಮೇಲೆ, ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ. ಅದರಲ್ಲಿಯೂ ತುಳುವರ ಆಟಿ ತಿಂಗಳ ಜಡಿಮಳೆ ಕಳೆದು ಬಿಸಿಲು ಮಳೆ ಸರದಿಯಲ್ಲಿ ಬರುವ ಸೋಣ ತಿಂಗಳು (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ಏಳು ಗಂಟೆಗೆ ಅಲ್ಲಿರಬೇಕು. ತಲೆಗೆ ಮುಟ್ಟಾಳೆಯೋ ಟೊಪ್ಪಿಯೋ, ಕಾಲಿಗೆ ಹಿಡಿತವಿರುವ ರಬ್ಬರ್ ಅಡಿಯ ಬೂಟು, ಒಂದು ಭೂತಗನ್ನಡಿ, ಒಂದು ಚಿಕ್ಕ ಪುಸ್ತಕ ಮತ್ತು ಪೆನ್ಸಿಲ್ ಸಾಕು. ಪೆನ್ನು ಬೇಡ, ಮಳೆಗೆ ಮಸಿ ಹರಡುತ್ತದೆ.

ಇನ್ನು ಮಾಡಬೇಕಾದ ಮುಖ್ಯ ಕೆಲಸ ನಡೆಯುವುದಲ್ಲ, ಕೂರುವುದು. ಊಟದ ತಟ್ಟೆಯಷ್ಟು ಅಗಲದ, ಬೆರಳುದ್ದ ನೀರು ನಿಂತ ಒಂದು ಹೊಂಡವನ್ನು ಆರಿಸಿ, ಅದರ ಪಕ್ಕದ ಬರಿಯ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಇಪ್ಪತ್ತು ನಿಮಿಷ ಅದೊಂದನ್ನೇ ನೋಡಿ. ಮೊದಲ ಐದು ನಿಮಿಷ ಕೆಂಪು ನೀರು ಮಾತ್ರ ಕಾಣುತ್ತದೆ. ಅನಂತರ ನೀರಿನ ಮೇಲ್ಮೈಯಲ್ಲಿ ಜಾರುವ ಕೀಟಗಳು, ತಳದ ಕೆಸರಿನ ಬಣ್ಣದ ಗೊದಮೊಟ್ಟೆಗಳು ಕಣ್ಣಿಗೆ ಬೀಳುತ್ತವೆ. ಆಮೇಲೆ ಅಂಚಿನ ತೆಳು ಮಣ್ಣಿನಲ್ಲಿ, ದಾರದಷ್ಟು ಸಣ್ಣ ಕಾಂಡದ ತುದಿಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನೀಲಿ ಹೂಗಳು ಒಂದಲ್ಲ, ನೂರಾರು ಇರುವುದು ಗೊತ್ತಾಗುತ್ತದೆ. ಅದು ಯುಟ್ರಿಕ್ಯುಲೇರಿಯ. ಅದಕ್ಕೆ ನಿಜವಾದ ಬೇರಿಲ್ಲ. ಬೇರಿರಬೇಕಾದ ಕಡೆ ಒದ್ದೆ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳಿವೆ, ಆ ಚೀಲದ ಬಾಯಿಯ ಕೂದಲನ್ನು ಯಾವುದಾದರೂ ಸೂಕ್ಷ್ಮಜೀವಿ ತಾಗಿದ ಕೂಡಲೇ ಬಾಗಿಲು ತೆರೆದು ನೀರಿನ ಜೊತೆಗೆ ಜೀವಿಯನ್ನೂ ಒಳಗೆಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಅದರ ಬದಿಯಲ್ಲಿ ಕೆಂಪು ಕೂದಲಿನ ತುದಿಗಳಲ್ಲಿ ಅಂಟಿನ ಹನಿ ಹೊತ್ತು ಇಬ್ಬನಿಯಂತೆ ಹೊಳೆಯುವ ಡ್ರೋಸೆರಾ ಇದ್ದರೆ, ಅದರ ಎಲೆಯಲ್ಲಿ ಸಿಕ್ಕಿಬಿದ್ದ ಸೊಳ್ಳೆಯ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಬಹುದು. ಮುರಕಲ್ಲಿನ ಮೇಲಿನ ಮಣ್ಣು ತೆಳು; ಅದರಲ್ಲಿರುವ ಸಾರವನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಗಿಡಕ್ಕೆ ಬೇಕಾದ ಸಾರಜನಕ ನೆಲದಲ್ಲಿ ಸಿಗದ ಕಾರಣ ಈ ಗಿಡಗಳು ಅದನ್ನು ಹುಳುಗಳಿಂದ ಪಡೆಯುತ್ತವೆ.

ಸಂಜೆ ಮಳೆ ನಿಂತ ಹೊತ್ತಿಗೆ ಹೋದರೆ ಹುಲ್ಲಿನೊಳಗಿನಿಂದ ಜೀರುಂಡೆಯ ಕೂಗು ಕೇಳಿಸುತ್ತದೆ. ಎಲ್ಲವೂ ಜೀರುಂಡೆಯಲ್ಲ. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ ಸಿಕ್ಕಿ, 2016ರಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ ಮೈಕ್ರೋಹೈಲ ಲ್ಯಾಟರೈಟ್ ಎಂಬ ಕಪ್ಪೆಯೂ ಹಾಗೆಯೇ ಕೂಗುತ್ತದೆ. ಅದರ ಉದ್ದ ಸುಮಾರು 1.6 ಸೆಂಟಿಮೀಟರ್, ಅಂದರೆ ಹೆಬ್ಬೆರಳ ಉಗುರಿನಷ್ಟು. ಕಂದು ಮೈ, ಬೆನ್ನಿನ ಮೇಲೆ ಕಪ್ಪು ಗುರುತು. ಕಾಲೇಜು, ಆಸ್ಪತ್ರೆ, ವಸತಿ ಸಮುಚ್ಚಯಗಳ ನಡುವೆ, ಜನ ದಿನವೂ ಓಡಾಡುವ ಜಾಗದಲ್ಲಿ ಒಂದು ಕಪ್ಪೆ 2016ರವರೆಗೆ ಹೆಸರಿಲ್ಲದೆ ಕೂಗುತ್ತಿತ್ತು. ನಾನು ಅದನ್ನು ಕೇಳಿದ್ದು ಲೆಕ್ಕವಿಲ್ಲದಷ್ಟು ಸಲ, ಕಂಡದ್ದು ಎರಡೇ ಸಲ. ಹುಡುಕಲು ಹುಲ್ಲನ್ನು ಕಾಲಿನಿಂದ ಕೆದಕಬಾರದು, ಟಾರ್ಚ್ ಬೆಳಕನ್ನು ನೇರವಾಗಿ ಅದರ ಮೇಲೆ ಹೆಚ್ಚು ಹೊತ್ತು ಹಿಡಿಯಬಾರದು.

ಪದವಿನಲ್ಲಿ ಪಾಲಿಸಬೇಕಾದ ನಿಯಮಗಳಲ್ಲಿ ಮೊದಲನೆಯದು ಬರಿಯ ಕಲ್ಲಿನ ಮೇಲೆ ಮಾತ್ರ ನಡೆಯುವುದು. ಹುಲ್ಲು, ಪಾಚಿ, ಹೊಂಡದ ಅಂಚು ಇವು ಮೂರನ್ನು ದಾಟಬೇಕೆ ಹೊರತು ತುಳಿಯಬಾರದು. ವಾಹನವನ್ನು ಮೇಲಕ್ಕೆ ತರಲೇಬಾರದು. ಕೆಲವು ವರ್ಷಗಳ ಹಿಂದೆ ಯಾರೋ ಜೀಪು ಹತ್ತಿಸಿ ಹೂವಿನ ನಡುವೆ ಫೋಟೋ ತೆಗೆಸಿಕೊಂಡಿದ್ದರು. ಮುಂದಿನ ಎರಡು ಮಳೆಗಾಲಗಳಲ್ಲಿಯೂ ಆ ಚಕ್ರದ ಎರಡು ಗೆರೆಗಳಲ್ಲಿ ಒಂದು ಹೂವೂ ಅರಳಲಿಲ್ಲ. ಬೇಸಿಗೆಯಲ್ಲಿ, ಮಾರ್ಚ್‌ನಿಂದ ಮೇ ವರೆಗೆ, ಟಿಟ್ಟಿಭ ಹಕ್ಕಿಗಳು ಬಯಲಿನ ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಯ ಬಣ್ಣ ನೆಲದ ಬಣ್ಣವೇ ಆದ್ದರಿಂದ ಕಣ್ಣಿಟ್ಟು ನೋಡಿದರೂ ಕಾಣುವುದಿಲ್ಲ. ಹಕ್ಕಿ ತಲೆಯ ಮೇಲೆ ಅರಚುತ್ತಾ ಸುತ್ತಿದರೆ ಗೂಡು ಹತ್ತಿರದಲ್ಲಿದೆ ಎಂದು ತಿಳಿದು, ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ಹಿಂದೆ ಸರಿಯಬೇಕು. ಆ ತಿಂಗಳುಗಳಲ್ಲಿ ಒಂದು ಬೀಡಿಯ ತುಂಡು ಇಡೀ ಬಯಲಿನ ಹುಲ್ಲನ್ನು ಸುಡಬಲ್ಲದು.

ಇನ್ನೊಂದು ಮಾತನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಪದವಿನಲ್ಲಿ ಗಿಡ ನೆಡಬೇಡಿ, ಬೀಜದುಂಡೆ ಎಸೆಯಬೇಡಿ. ಒಮ್ಮೆ ವಿಶ್ವ ಪರಿಸರ ದಿನವಾದ ಜೂನ್ 5ರಂದು ಇಲ್ಲಿನ ಒಂದು ಸಂಸ್ಥೆಯವರು ಜೆಸಿಬಿ ತರಿಸಿ ಮುರಕಲ್ಲನ್ನು ಕೊರೆದು, ಹೊರಗಿನಿಂದ ಮಣ್ಣು ತುಂಬಿ ಸಸಿ ನೆಟ್ಟ ಕಾರ್ಯಕ್ರಮಕ್ಕೆ ನಾನೂ ಹೋಗಿ ಸಸಿ ಹಿಡಿದು ನಿಂತಿದ್ದೇನೆ. ಆ ಗುಂಡಿಗಳಿದ್ದ ಕಡೆ ಹಿಂದಿನ ವರ್ಷ ಏನಿತ್ತೆಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮರವಿಲ್ಲದ ಬಯಲು ಮರ ಕಳೆದುಕೊಂಡ ಬಯಲೇ ಆಗಿರಬೇಕೆಂದಿಲ್ಲ. ಅಕೇಶಿಯಾ ನೆಟ್ಟ ಗುಡ್ಡದಲ್ಲಿ ನೆರಳು ಮತ್ತು ಒಣ ಎಲೆಯ ಹಾಸು ಬಿದ್ದ ಮೇಲೆ ಬಿಸಿಲು ಬೇಕಾದ ಈ ಚಿಕ್ಕ ಗಿಡಗಳು ಉಳಿಯುವುದಿಲ್ಲ. ಪದವಿನ ಮೇಲೆ ನಿಂತ ನೀರು ಕಲ್ಲಿನ ರಂಧ್ರಗಳಿಂದ ಇಳಿದು ತಗ್ಗಿನ ಮನೆಗಳ ಬಾವಿಗೂ ಒರತೆಗೂ ಸೇರುವುದರಿಂದ, ಬಯಲನ್ನು ಬಯಲಾಗಿಯೇ ಬಿಡುವುದು ಊರಿಗೂ ಲಾಭವೇ.

ಅಪಾಯಗಳು ಎರಡು. ಕೆಲಸ ನಿಂತ ಕಲ್ಲುಕೋರೆಗಳು ಮಳೆಗಾಲದಲ್ಲಿ ತುಂಬಿ ಕೆರೆಯಂತೆ ಕಾಣುತ್ತವೆ, ಆದರೆ ಅವುಗಳ ಬದಿ ಗೋಡೆಯಂತೆ ನೇರವಾಗಿರುವುದರಿಂದ ಬಿದ್ದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ಮಕ್ಕಳನ್ನು ಅವುಗಳ ಅಂಚಿಗೆ ಬಿಡಬಾರದು, ಈಜು ಬಲ್ಲವರೂ ಇಳಿಯಬಾರದು. ಎರಡನೆಯದು ಸಿಡಿಲು. ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಯ ಮಳೆಯಲ್ಲಿ ಬಯಲಿನಲ್ಲಿ ಎತ್ತರದ ವಸ್ತು ನಾವೇ ಆಗಿರುತ್ತೇವೆ. ಮೊದಲ ಗುಡುಗಿಗೆ ಇಳಿದು ಮನೆಯೊಳಗೋ ಕಾರಿನೊಳಗೋ ಸೇರಿಕೊಳ್ಳಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು.

ಕಡಲತೀರದಲ್ಲಿ

ತೀರದಲ್ಲಿ ನೋಡಲು ಮರಳಿಗಿಂತ ಬಂಡೆಗಳು ಒಳ್ಳೆಯವು. 1901ರ ದೀಪಸ್ತಂಭ ನಿಂತಿರುವ ಕಾಪುವಿನ ಬಂಡೆಗಳು, ಉಳ್ಳಾಲದ ಬಳಿಯ ಸೋಮೇಶ್ವರದ ಬಂಡೆಗಳು ಇದಕ್ಕೆ ತಕ್ಕವು. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಆ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ನೀರು ಹೆಚ್ಚು ಇಳಿಯುತ್ತದೆ. ಅಂಥ ದಿನ ನೋಡಿ, ಇಳಿತದ ಹೊತ್ತನ್ನು ಬಲೆ ಸರಿಪಡಿಸುತ್ತಿರುವ ಮೀನುಗಾರರಲ್ಲಿ ಕೇಳಿ, ಅದಕ್ಕಿಂತ ಒಂದು ಗಂಟೆ ಮೊದಲು ಬಂಡೆಗೆ ಹೋಗಬೇಕು. ನೀರು ತಿರುಗಿದ ಕೂಡಲೇ ಹಿಂದಿರುಗಬೇಕು. ಬಂಡೆಯ ಗುಳಿಗಳಲ್ಲಿ ಕಡಲ ಹೂವುಗಳು (ಹೂವಿನಂತೆ ಕಾಣುವ ಜೀವಿಗಳು), ಗುಂಪಾಗಿ ಕಚ್ಚಿಕೊಂಡ ಪಚ್ಚಿಲೆ ಚಿಪ್ಪುಗಳು, ಖಾಲಿ ಶಂಖವನ್ನು ಮನೆ ಮಾಡಿಕೊಂಡ ಸನ್ಯಾಸಿ ಏಡಿ ಸಿಗುತ್ತವೆ. ಸಣ್ಣ ಕಲ್ಲನ್ನು ಎತ್ತಿ ಕೆಳಗೆ ನೋಡಿದರೆ, ಅದನ್ನು ಇದ್ದ ಹಾಗೆಯೇ, ಕೆಳಗಿದ್ದ ಮುಖ ಕೆಳಗಾಗಿಯೇ ಮೆಲ್ಲನೆ ಇಡಬೇಕು. ಕಲ್ಲಿನ ಅಡಿಯ ಜೀವಿಗಳು ನೆರಳಿಗೂ ತೇವಕ್ಕೂ ಹೊಂದಿಕೊಂಡವು. ಮಗುಚಿ ಬಿಟ್ಟ ಕಲ್ಲಿನ ಮೇಲೆ ಅವು ಒಂದು ಮಧ್ಯಾಹ್ನದ ಬಿಸಿಲನ್ನೂ ತಾಳುವುದಿಲ್ಲ.

ಚಿಪ್ಪು ಆಯುವುದು ಮಕ್ಕಳಿಗೆ ಇಷ್ಟವೆಂದು ಗೊತ್ತಿದೆ. ಒಂದೆರಡನ್ನು ಅಂಗೈಯಲ್ಲಿಟ್ಟು ನೋಡಿ, ಚಿತ್ರ ಬರೆದುಕೊಂಡು, ಅಲ್ಲೇ ಬಿಟ್ಟು ಬರುವ ಅಭ್ಯಾಸ ಮಾಡಿಸಿ, ಏಕೆಂದರೆ ಸನ್ಯಾಸಿ ಏಡಿ ಬೆಳೆದಂತೆ ಅದಕ್ಕೆ ಇನ್ನೊಂದು ದೊಡ್ಡ ಶಂಖ ಬೇಕಾಗುತ್ತದೆ. ಹವಳ, ಕಡಲಕುದುರೆ ಮತ್ತು ಕೆಲವು ಜಾತಿಯ ಶಂಖಗಳಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೂ ಇದೇ ಮಾತು. ಅಲ್ಲಿನ ಕಂಬಗಳಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಹೊರಬಂದ ಲಾವಾ ತಣ್ಣಗಾಗುತ್ತಾ ಕುಗ್ಗಿ ಸೀಳಿದ್ದರಿಂದ ಆದವು. ಕೆರೆಯ ಕೆಸರು ಒಣಗಿ ಬಿರುಕು ಬಿಡುವ ರೀತಿಯೇ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅಂಥ ಕಲ್ಲಿನ ಮೇಲೆ ಕೀಲಿಕೈಯಿಂದ ತಮ್ಮ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನಿರದೆ ಮೆಲ್ಲನೆ ಹೇಳಿ. ಜಗಳವಾಡಿದರೆ ಅವರು ಹಟಕ್ಕೆ ಇನ್ನೊಂದು ಹೆಸರು ಕೆತ್ತುತ್ತಾರೆ. ಬೆಳಗಿನ ಮೊದಲ ದೋಣಿಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ.

ನೀರಿಗಿಳಿಯುವವರು ಸೆಳೆತವನ್ನು ತಿಳಿದಿರಬೇಕು. ಎರಡೂ ಬದಿ ನೊರೆ ಒಡೆಯುತ್ತಿದ್ದು ನಡುವೆ ಮಾತ್ರ ಶಾಂತವಾಗಿ ಕಾಣುವ ಪಟ್ಟಿಯೇ ಬಹಳ ಸಲ ಸೆಳೆತದ ಜಾಗ. ಸಿಕ್ಕಿಬಿದ್ದರೆ ದಡದ ಕಡೆಗೆ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಆಳವಿಲ್ಲದ ನೀರಿನ ಮರಳಿನಲ್ಲಿ, ಬಾಲದ ಮುಳ್ಳಿನಿಂದ ಚುಚ್ಚುವ ತೊರಕೆ ಮೀನು ಹುದುಗಿರಬಹುದು, ಆದ್ದರಿಂದ ಕಾಲೆತ್ತಿ ಇಡುವ ಬದಲು ಎಳೆಯುತ್ತಾ ನಡೆದರೆ ಅದು ತಾನೇ ಸರಿದುಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಯ ದೋಣಿಗಳೇ ಬಂದರಿನಲ್ಲಿ ನಿಂತಿರುತ್ತವೆ. ಆ ಕಡಲಿಗೆ ನಾವು ಮೊಣಕಾಲು ಮಟ್ಟಕ್ಕೂ ಇಳಿಯಬೇಕಾಗಿಲ್ಲ.

ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೂ ಮೊಟ್ಟೆಯಿಡಲು ಬರುತ್ತವೆ. ಕುಂದಾಪುರದ ಕೋಡಿಯಲ್ಲಿ ಅವುಗಳ ಗೂಡುಗಳು ಸಿಕ್ಕಿವೆ; 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ತೀರಗಳಲ್ಲಿಯೂ ಸಿಕ್ಕವು. ಚಳಿಗಾಲದ ಬೆಳಿಗ್ಗೆ ನೀರಿನಿಂದ ಮೇಲಕ್ಕೆ ಬಂದು ಮತ್ತೆ ಇಳಿದ, ಸಣ್ಣ ಟ್ರಾಕ್ಟರಿನ ಗುರುತಿನಂಥ ಜಾಡು ಕಂಡರೆ ಅದನ್ನು ತುಳಿಯದೆ, ಮರಳನ್ನು ಅಗೆಯದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಮೊಟ್ಟೆಯೊಡೆಯಲು ಹೆಚ್ಚುಕಡಿಮೆ 45ರಿಂದ 60 ದಿನ ಬೇಕು. ರಾತ್ರಿ ಹೊರಬರುವ ಮರಿಗಳು ಬೆಳಕಿರುವ ಕಡೆಯನ್ನೇ ಕಡಲೆಂದು ನಂಬಿ ಹೋಗುವುದರಿಂದ, ತೀರದ ಮನೆಯವರು, ಹೋಂಸ್ಟೇಯವರು ಆ ತಿಂಗಳುಗಳಲ್ಲಿ ಕಡಲಿಗೆ ಮುಖಮಾಡಿದ ದೀಪಗಳನ್ನು ಆರಿಸಿದರೆ ದೊಡ್ಡ ಉಪಕಾರ.

ಘಟ್ಟದಲ್ಲಿ

ಪದವು ಮತ್ತು ತೀರದಲ್ಲಿ ಕೂತು ನೋಡುವ ಅಭ್ಯಾಸವಾದವರಿಗೆ ಘಟ್ಟದಲ್ಲಿ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಹೆಬ್ರಿ, ಆಗುಂಬೆಯ ನಡುವಿನ ಸೋಮೇಶ್ವರ ವನ್ಯಜೀವಿಧಾಮ 1974ರಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಆದವು. ಎರಡರೊಳಗೂ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ಭಾರೀ ಮಳೆಯಲ್ಲೂ ದಾರಿಗಳನ್ನು ಮುಚ್ಚುವುದುಂಟು. ಮುಚ್ಚಿದಾಗ "ಪರಿಚಯದವರಿದ್ದಾರೆ" ಎಂದು ಒಳದಾರಿ ಹುಡುಕುವುದು ಬೇಡ.

ನೀರಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ತೊರೆಯಲ್ಲಿ ಸಾಬೂನು, ಶ್ಯಾಂಪೂ, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಉಡುಪಿಯ ನಳ್ಳಿಗೆ ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು, ಮಂಗಳೂರಿನದಕ್ಕೆ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು. ಎರಡೂ ಘಟ್ಟದಿಂದಲೇ ಇಳಿದದ್ದು. ತೊರೆಯ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟುವ ಚಟ ಈಚೆಗೆ ಹೆಚ್ಚಿದೆ. ಆ ಕಲ್ಲುಗಳ ಸಂದುಗಳಲ್ಲಿ ಕಪ್ಪೆಗಳೂ ಮೀನುಗಳೂ ಮೊಟ್ಟೆಯಿಟ್ಟಿರುತ್ತವೆ. ಶೌಚಕ್ಕೆ ಹೋಗಬೇಕಾದರೆ ನೀರಿನಿಂದ ಅರುವತ್ತು ಮೀಟರಾದರೂ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಮುಚ್ಚಬೇಕು. ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ತೊರೆ ಏರುತ್ತದೆ: ನೀರು ಕೆಂಪಾಗಿ, ಎಲೆಕಸ ತೇಲಿಬರತೊಡಗಿದ ಕ್ಷಣ ದಡ ಹತ್ತಿಬಿಡಿ.

ಊಟಕ್ಕೆ ನಾನು ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ಒಯ್ಯುತ್ತೇನೆ. ಅದು ತನ್ನ ಪಾತ್ರೆಯನ್ನು ತಾನೇ ಹೊತ್ತುಕೊಂಡು ಬರುವ ತಿಂಡಿ. ಹಾಗೆಂದು ಹಲಸಿನ ಎಲೆಯನ್ನು, ಬಾಳೆಹಣ್ಣಿನ ಸಿಪ್ಪೆಯನ್ನು "ಕರಗುತ್ತದೆ, ಬಿಡಿ" ಎಂದು ಎಸೆಯುವಂತಿಲ್ಲ. ಕರಗುವ ಮೊದಲು ಅದನ್ನು ಮಂಗಗಳು ಹುಡುಕಿಕೊಂಡು ರಸ್ತೆಗೆ ಬರುತ್ತವೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಕೊಡುವವರು ಮಂಗಗಳಿಗೆ ಕಲಿಸುವುದು ವಾಹನದ ಎದುರು ಓಡುವುದನ್ನೇ. ಮರದ ಮೇಲೆಯೇ ಬದುಕುವ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಸಿಂಗಳೀಕಗಳೂ ಈ ಕಾಡುಗಳಲ್ಲಿವೆ.

ಇಂಬಳಕ್ಕೆ ಹೆದರಬೇಕಾಗಿಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟನ್ನು ಸಿಕ್ಕಿಸಿಕೊಂಡು, ಹತ್ತಿದ್ದನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ, ಗಾಯವನ್ನು ಒತ್ತಿ ಹಿಡಿದರೆ ಸಾಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೆ. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ತೋಳು ಕಾಲು ಮುಚ್ಚುವ ಬಟ್ಟೆ ತೊಟ್ಟು, ಎಲೆಹಾಸಿನ ಮೇಲೆ ಕೂರದೆ, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇರಿಸಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ತರಗೆಲೆಗಳನ್ನು ಗುಡ್ಡೆ ಹಾಕಿದ ಕಾಳಿಂಗ ಸರ್ಪದ ಗೂಡು ಕಂಡವರು ಅದರ ಜಾಗವನ್ನು ಫೋಟೋದೊಂದಿಗೆ ಎಲ್ಲರಿಗೂ ಹಂಚಬಾರದು. ಕಪ್ಪೆ, ಗೂಡು, ಅಪರೂಪದ ಆರ್ಕಿಡ್ ಎಲ್ಲಕ್ಕೂ ಇದು ಸಲ್ಲುತ್ತದೆ. ಫೋಟೋ ಹಾಕುವ ಮೊದಲು ಮೊಬೈಲಿನಲ್ಲಿ ಸ್ಥಳದ ಗುರುತನ್ನು ತೆಗೆಯಿರಿ. ಕಂಡ ಜೀವಿಗಳನ್ನು ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ದಾಖಲಿಸುವುದಾದರೆ ಸ್ಥಳವನ್ನು ಮಸುಕುಗೊಳಿಸುವ ಸೌಲಭ್ಯ ಅದರಲ್ಲೇ ಇದೆ.

ಹಿಂದಿರುಗಿದ ಮೇಲೆ ಬೂಟಿನ ಅಡಿಯನ್ನು ಮನೆಯಂಗಳದಲ್ಲಿ ಉಜ್ಜಿ ತೊಳೆಯಬೇಕು. ಕಮ್ಯುನಿಸ್ಟ್ ಗಿಡದಂಥ ಕಳೆಯ ಬೀಜಗಳು ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುವುದು ಹೀಗೂ ಹೌದು. ಆಮೇಲೆ ಒದ್ದೆ ಪುಸ್ತಕವನ್ನು ಬಿಡಿಸಿ ಒಣಗಲಿಟ್ಟು, ನೆನಪು ಮಾಸುವ ಮೊದಲು ದಿನಾಂಕ, ಹೊತ್ತು, ಮಳೆ ಬಿಸಿಲು, ಕಂಡದ್ದು, ಎಣಿಕೆ ಇಷ್ಟನ್ನು ತುಂಬಿಸಬೇಕು. ಹೆಸರು ಗೊತ್ತಿರದಿದ್ದರೆ ಗೊತ್ತಿಲ್ಲವೆಂದೇ ಬರೆಯಬೇಕು. ನನ್ನ ಮೊದಲ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಇಷ್ಟೇ: ಪದವು, ಬೆಳಿಗ್ಗೆ 7.20, ತುಂತುರು ಮಳೆ, ಹೊಂಡದ ಅಂಚಿನಲ್ಲಿ ಹೆಸರು ಗೊತ್ತಿಲ್ಲದ ನೀಲಿ ಹೂ, ಎಣಿಸಿದ್ದು 17, ಆಮೇಲೆ ಎಣಿಸಲಾಗಲಿಲ್ಲ.